ಹಳೆಯ ಬಯೋಸ್, ಹೊಸ ಯುಇಎಫ್‌ಐ: ಎರಡರಲ್ಲೂ ಬೂಟ್ ಆಗುವ ಒಂದೇ ಲಿನಕ್ಸ್ ಇಮೇಜ್ ಸಿದ್ಧಪಡಿಸುವ ಕ್ರಮ

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದ ಕೋಣೆಯಲ್ಲಿ ನಾನು ವಾರಕ್ಕೆ ಎರಡು ಸಂಜೆ ಕಂಪ್ಯೂಟರ್ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಓದುವ ಹುಡುಗರು. ಕೋಣೆಯಲ್ಲಿರುವ ಒಂಬತ್ತು ಯಂತ್ರಗಳಲ್ಲಿ ಕೆಲವು ಕಚೇರಿಗಳವರು ಬದಲಾಯಿಸುವಾಗ ದಾನವಾಗಿ ಕೊಟ್ಟವು, ಉಳಿದವು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡವು. ನಾಲ್ಕು ಯಂತ್ರಗಳು ಕೋರ್ 2 ಡ್ಯುಯೋ ಕಾಲದವಾದ್ದರಿಂದ ಅವಕ್ಕೆ ಬಯೋಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಹಳೆಯ ಬಗೆಯ ಫರ್ಮ್‌ವೇರ್) ಬಿಟ್ಟು ಬೇರೇನೂ ತಿಳಿಯದು. ಮೂರು ಯಂತ್ರಗಳು ನಡುಗಾಲದವು. ಅವು ಬಯೋಸ್, ಅದರ ಜಾಗಕ್ಕೆ ಬಂದ ಹೊಸ ಫರ್ಮ್‌ವೇರ್ ಆದ ಯುಇಎಫ್‌ಐ, ಹೀಗೆ ಎರಡು ಬಗೆಯಲ್ಲೂ ಬೂಟ್ ಆಗುತ್ತವೆ. ಉಳಿದೆರಡು ಲ್ಯಾಪ್‌ಟಾಪ್‌ಗಳಲ್ಲಿ ಯುಇಎಫ್‌ಐ ಮಾತ್ರ ಇದೆ. ಹುಡುಗ ಇಂದು ಒಂದು ಯಂತ್ರದ ಮುಂದೆ ಕೂತರೆ ನಾಳೆ ಇನ್ನೊಂದರ ಮುಂದೆ ಕೂರುತ್ತಾನೆ. ಎಲ್ಲಿ ಕೂತರೂ ಅದೇ ಡೆಸ್ಕ್‌ಟಾಪ್, ಅದೇ ಕನ್ನಡ ಕೀಲಿಮಣೆ, ಅವನದೇ ಫೈಲುಗಳು ಸಿಗಬೇಕೆಂದರೆ ಎಲ್ಲ ಯಂತ್ರಗಳಲ್ಲೂ ಬೂಟ್ ಆಗುವ ಒಂದೇ ಪೆನ್‌ಡ್ರೈವ್ ಅವನ ಜೇಬಿನಲ್ಲಿರಬೇಕು. ಅಂಥ ಪೆನ್‌ಡ್ರೈವ್‌ಗೆ ಬರೆಯುವ ಇಮೇಜನ್ನು, ಅಂದರೆ ಇಡೀ ಡಿಸ್ಕಿನ ಪ್ರತಿಯಾದ ಒಂದೇ ಫೈಲನ್ನು, ಮೊದಲಿನಿಂದ ಕಟ್ಟುವ ಕ್ರಮವನ್ನು, ನಾವು ಮಾಡುತ್ತಿರುವ ರೀತಿಯಲ್ಲೇ, ಇಲ್ಲಿ ಬರೆದಿದ್ದೇನೆ.

ಕಮಾಂಡ್‌ಗಳ, ಪ್ಯಾಕೇಜುಗಳ ಮತ್ತು ಫೈಲುಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳ ಮೂಲ ಅಕ್ಷರಗಳನ್ನೇ ಬಳಸಬೇಕು.

ಎರಡು ಫರ್ಮ್‌ವೇರ್‌ಗಳು ಎಲ್ಲಿ ಹುಡುಕುತ್ತವೆ

1981ರ ಐಬಿಎಂ ಪಿಸಿಯ ಜೊತೆಗೆ ಬಂದ ಬಯೋಸ್‌ಗೆ ಫೈಲ್ ಎಂದರೇನೆಂದು ಗೊತ್ತಿಲ್ಲ. ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳನ್ನು ಓದಿ, ಮೆಮೊರಿಯ 31,744ನೇ ಸ್ಥಾನದಲ್ಲಿಟ್ಟು, ಕೊನೆಯ ಎರಡು ಬೈಟ್‌ಗಳು 55 ಮತ್ತು ಎಎ (ಹೆಕ್ಸ್, ಅಂದರೆ ಹದಿನಾರರ ಆಧಾರದ ಅಂಕೆಗಳು) ಆಗಿವೆಯೇ ಎಂದು ನೋಡಿ, ಆಗಿದ್ದರೆ ಅಲ್ಲಿರುವ ಕೋಡ್‌ಗೆ ಯಂತ್ರವನ್ನು ಒಪ್ಪಿಸಿಬಿಡುತ್ತದೆ. ಆ 512 ಬೈಟ್‌ಗಳಲ್ಲಿ ಪಾರ್ಟಿಷನ್ (ಡಿಸ್ಕಿನ ವಿಭಾಗ) ಪಟ್ಟಿಗೆ 64 ಬೈಟ್, ಡಿಸ್ಕಿನ ಗುರುತು, ಕೊನೆಯ 55, ಎಎ ಮುಂತಾದವಕ್ಕೆ 8 ಬೈಟ್ ಹೋಗುತ್ತದೆ; ಕೋಡ್‌ಗೆ ಉಳಿಯುವುದು 440 ಬೈಟ್ ಮಾತ್ರ. ಅಷ್ಟರಲ್ಲಿ ಆಪರೇಟಿಂಗ್ ಸಿಸ್ಟಮ್ ಅನ್ನು ಹುಡುಕುವಷ್ಟು ಬುದ್ಧಿಯನ್ನು ತುಂಬಲು ಸಾಧ್ಯವಿಲ್ಲದ್ದರಿಂದ, 'ಮುಂದಿನ ತುಂಡು ಇಂಥ ಸೆಕ್ಟರಿನಲ್ಲಿದೆ, ಅದನ್ನು ಓದು' ಎನ್ನುವಷ್ಟನ್ನೇ ಅಲ್ಲಿ ಬರೆದಿರುತ್ತಾರೆ.

ಯುಇಎಫ್‌ಐ ದಾರಿ ಬೇರೆ. ಇಂಟೆಲ್ ಕಂಪನಿ ಇಟಾನಿಯಂ ಯಂತ್ರಗಳಿಗಾಗಿ ರೂಪಿಸಿದ ಇಎಫ್‌ಐ 2005ರಲ್ಲಿ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ಈ ಹೆಸರು ಪಡೆಯಿತು. ಅದಕ್ಕೆ ಫ್ಯಾಟ್ ಫೈಲ್ ಸಿಸ್ಟಮ್ ಓದಲು ಬರುತ್ತದೆ. ಹೀಗಾಗಿ ಅದು ಮೊದಲ ಸೆಕ್ಟರಿನ ಕೋಡನ್ನು ಮುಟ್ಟುವುದೇ ಇಲ್ಲ. ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಗುರುತಿರುವ ವಿಭಾಗವನ್ನು ತೆರೆದು ಅದರಲ್ಲಿ ಒಂದು ಫೈಲನ್ನು ಹುಡುಕುತ್ತದೆ.

ಒಂದು ಫರ್ಮ್‌ವೇರ್ ನೋಡುವ ಜಾಗವನ್ನು ಇನ್ನೊಂದು ನೋಡುವುದಿಲ್ಲವಾದ್ದರಿಂದ ಒಂದೇ ಡಿಸ್ಕಿನಲ್ಲಿ ಇಬ್ಬರಿಗೂ ಬೇಕಾದದ್ದನ್ನು ಇಡಬಹುದು. ಬಾಗಿಲು ಎರಡಾದರೂ ಮನೆ ಒಂದೇ: ಕರ್ನಲ್ (ಲಿನಕ್ಸ್‌ನ ತಿರುಳು) ಒಂದೇ, ಮೆನು ಒಂದೇ, ಬಳಕೆದಾರನ ಫೈಲುಗಳಿರುವ ಜಾಗವೂ ಒಂದೇ.

ಯುಇಎಫ್‌ಐ ಯಾವ ಫೈಲನ್ನು ಹುಡುಕುತ್ತದೆ ಎಂಬುದನ್ನು ಸ್ವಲ್ಪ ನಿಂತು ತಿಳಿದುಕೊಳ್ಳಬೇಕು, ಏಕೆಂದರೆ ನಾನು ಮೊದಲ ಬಾರಿಗೆ ಎಡವಿದ್ದು ಇಲ್ಲಿಯೇ. ಆಪರೇಟಿಂಗ್ ಸಿಸ್ಟಮ್ ಅನ್ನು ಸಾಮಾನ್ಯ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದಾಗ, 'ಇಂಥ ಡಿಸ್ಕಿನ ಇಂಥ ಫೈಲಿನಿಂದ ಏಳು' ಎಂಬ ಸೂಚನೆ ಮದರ್‌ಬೋರ್ಡಿನಲ್ಲಿರುವ, ವಿದ್ಯುತ್ ಹೋದರೂ ಅಳಿಯದ ನೆನಪಾದ ಎನ್‌ವಿರ್ಯಾಮ್‌ನಲ್ಲಿ ದಾಖಲಾಗುತ್ತದೆ. ನಾನು ತಯಾರಿಸಿದ ಮೊದಲ ಪೆನ್‌ಡ್ರೈವ್ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಬೂಟ್ ಆಯಿತು. ಅದನ್ನು ಸಂಘದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಪೆನ್‌ಡ್ರೈವ್ ಇದೆ ಎಂಬುದನ್ನೇ ಅದು ಒಪ್ಪಲಿಲ್ಲ. ದಾಖಲೆ ಇದ್ದದ್ದು ನನ್ನ ಯಂತ್ರದ ನೆನಪಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಅಲ್ಲ. ಅಷ್ಟೇ ಅಲ್ಲದೆ ಮನೆಗೆ ಬಂದು ನನ್ನ ಲ್ಯಾಪ್‌ಟಾಪ್ ತೆರೆದಾಗ ಅದರ ಬೂಟ್ ಕ್ರಮವೂ ಬದಲಾಗಿತ್ತು. ಆ ರಾತ್ರಿಯ ಬಳಿಕ ನಾನು ಪಾಲಿಸುತ್ತಾ ಬಂದಿರುವ ನಿಯಮವೆಂದರೆ, ಇಮೇಜ್ ಯಾವ ಯಂತ್ರದ ನೆನಪನ್ನೂ ನಂಬಬಾರದು ಮತ್ತು ಯಾವ ಯಂತ್ರದ ನೆನಪಿನಲ್ಲೂ ಏನನ್ನೂ ಬರೆಯಬಾರದು. ಮುಂದಿನ ಹಂತಗಳಲ್ಲಿ ಹೇಳಿರುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ನಿಯಮದಿಂದಲೇ ಬಂದವು.

ಎನ್‌ವಿರ್ಯಾಮ್‌ನಲ್ಲಿ ದಾಖಲೆ ಇಲ್ಲದ ಡಿಸ್ಕಿಗಾಗಿ ಯುಇಎಫ್‌ಐ ನಿಯಮಾವಳಿಯಲ್ಲೇ ಒಂದು ನಿಶ್ಚಿತ ಹೆಸರಿದೆ. ಇಎಫ್‌ಐ ಫೋಲ್ಡರಿನೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ 64 ಬಿಟ್ ಇಂಟೆಲ್ ಅಥವಾ ಎಎಂಡಿ ಯಂತ್ರಗಳಿಗೆ ಬೂಟ್‌ಎಕ್ಸ್64.ಇಎಫ್‌ಐ ಎಂಬ ಫೈಲ್. ತೆಗೆದು ಹಾಕಬಹುದಾದ ಡಿಸ್ಕುಗಳಿಗೆಂದೇ ಈ ದಾರಿಯನ್ನು ಮೀಸಲಿಟ್ಟಿರುವುದರಿಂದ ನಮಗೆ ಬೇಕಾದದ್ದು ಇದೇ.

ನಡುಗಾಲದ ಯಂತ್ರಗಳ ಯುಇಎಫ್‌ಐಯಲ್ಲಿ ಸಿಎಸ್‌ಎಂ ಎಂಬ ಭಾಗವಿದ್ದು, ಅದು ಹಳೆಯ ಬಯೋಸ್‌ನಂತೆ ನಡೆದುಕೊಳ್ಳುತ್ತದೆ. 2020ರ ಹೊತ್ತಿಗೆ ತನ್ನ ವೇದಿಕೆಗಳಿಂದ ಇದನ್ನು ತೆಗೆಯುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಆದ್ದರಿಂದ ಬಯೋಸ್‌ಗೆ ಮಾತ್ರ ಹೊಂದುವ ಇಮೇಜ್ ಮಾಡಿ ಎಲ್ಲೆಡೆ ನಡೆಸುವ ಹಳೆಯ ಉಪಾಯ ಈಗ ಉಪಯೋಗಕ್ಕಿಲ್ಲ.

ಸಾಮಗ್ರಿ

ಕೆಲಸ ಮಾಡಲು ಡೆಬಿಯನ್ 12 (ಲಿನಕ್ಸ್‌ನ ಒಂದು ವಿತರಣೆ) ಇರುವ ಒಂದು ಯಂತ್ರ ಸಾಕು. ಅದರಲ್ಲಿ ಡೆಬೂಟ್‌ಸ್ಟ್ರ್ಯಾಪ್, ಜಿಡಿಸ್ಕ್, ಪಾರ್ಟೆಡ್, ಡಾಸ್‌ಎಫ್‌ಎಸ್‌ಟೂಲ್ಸ್ ಪ್ಯಾಕೇಜುಗಳನ್ನು, ಪರೀಕ್ಷೆಗೆಂದು ಕ್ಯೂಎಮು (ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಮತ್ತು ಓವಿಎಂಎಫ್ (ಅದಕ್ಕೆ ಕೊಡುವ ಯುಇಎಫ್‌ಐ) ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಹಳೆಯ ಯಂತ್ರಗಳ ಪ್ರೊಸೆಸರ್ 64 ಬಿಟ್ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಪ್ರಾಕ್ ಫೋಲ್ಡರಿನ ಸಿಪಿಯುಇನ್ಫೋ ಫೈಲಿನ ಫ್ಲಾಗ್‌ಗಳ ಸಾಲಿನಲ್ಲಿ ಎಲ್‌ಎಂ ಎಂಬ ಎರಡಕ್ಷರ ಕಂಡರೆ ಅದು 64 ಬಿಟ್. ಕಾಣದಿದ್ದರೆ ಈ ಇಮೇಜ್ ಅಲ್ಲಿ ನಡೆಯುವುದಿಲ್ಲ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳ ಕರ್ನಲನ್ನೇ ಕೈಬಿಟ್ಟಿದ್ದಾರೆ.

ಮೊದಲ ಹಂತ: ಖಾಲಿ ಇಮೇಜ್ ಮತ್ತು ಪಾರ್ಟಿಷನ್‌ಗಳು

ಟ್ರಂಕೇಟ್ ಕಮಾಂಡ್‌ನಿಂದ 7000 ಎಂ ಗಾತ್ರದ ಖಾಲಿ ಫೈಲ್ ಮಾಡಿ. 8 ಜಿಬಿ ಎಂದು ಮಾರುವ ಪೆನ್‌ಡ್ರೈವ್‌ಗಳ ನಿಜವಾದ ಗಾತ್ರ ಒಂದೊಂದರದೂ ಸ್ವಲ್ಪ ಸ್ವಲ್ಪ ಬೇರೆಯಿರುತ್ತದೆ. ಪೂರ್ತಿ 8 ಜಿಬಿಯ ಇಮೇಜ್ ಮಾಡಿದರೆ ಕೊನೆಯ ಕೆಲವು ಎಂಬಿಗಳಿಗೆ ಜಾಗ ಸಾಲದೆ ಇಡೀ ಕೆಲಸ ಕೆಡುತ್ತದೆ.

ಈಗ ಎಸ್‌ಜಿಡಿಸ್ಕ್ ಬಳಸಿ ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿ ಬರೆದು ಮೂರು ಪಾರ್ಟಿಷನ್‌ಗಳನ್ನು ಮಾಡಬೇಕು. ಮೊದಲನೆಯದು 2048ನೇ ಸೆಕ್ಟರಿನಿಂದ ಆರಂಭವಾಗುವ 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್, ಇದರ ವಿಧ ಇಎಫ್02. ಎರಡನೆಯದು 256 ಎಂಬಿಯ ಇಎಫ್‌ಐ ಸಿಸ್ಟಮ್ ಪಾರ್ಟಿಷನ್, ವಿಧ ಇಎಫ್00. ಮಿಕ್ಕಿದ್ದೆಲ್ಲ ಮೂರನೆಯದು, ವಿಧ 8300, ಅಂದರೆ ಲಿನಕ್ಸ್.

ಮೊದಲನೆಯ ಪುಟ್ಟ ಪಾರ್ಟಿಷನ್ ಯಾಕೆ ಬೇಕೆಂದು ಹಲವರು ಕೇಳುತ್ತಾರೆ; ಅದನ್ನು ಬಿಟ್ಟುಬಿಡುವವರೂ ಹಲವರಿದ್ದಾರೆ. ಎಂಬಿಆರ್ ಎಂಬ ಹಳೆಯ ಬಗೆಯ ಪಟ್ಟಿ ಇರುವ ಡಿಸ್ಕುಗಳಲ್ಲಿ ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್‌ಗೂ ನಡುವೆ ಯಾರೂ ಬಳಸದ ಜಾಗ ಉಳಿಯುತ್ತಿತ್ತು, ಮತ್ತು ಗ್ರಬ್ (ಮೆನು ತೋರಿಸಿ ಕರ್ನಲನ್ನು ಎಬ್ಬಿಸುವ ಬೂಟ್ ಲೋಡರ್) ತನ್ನ ಎರಡನೆಯ ತುಂಡನ್ನು ಅಲ್ಲಿ ಇಟ್ಟುಕೊಳ್ಳುತ್ತಿತ್ತು. ಜಿಪಿಟಿ ಡಿಸ್ಕಿನಲ್ಲಿ ಎರಡನೆಯ ಸೆಕ್ಟರಿನಲ್ಲಿ ಪಟ್ಟಿಯ ಶಿರೋಭಾಗ, ಅದರ ಹಿಂದೆಯೇ ತಲಾ 128 ಬೈಟ್‌ಗಳ 128 ನಮೂದುಗಳಿಗಾಗಿ 32 ಸೆಕ್ಟರುಗಳು ಇರುತ್ತವೆ. ಗ್ರಬ್‌ಗೆ ಹಿಂದೆ ಸಿಗುತ್ತಿದ್ದ ಜಾಗದಲ್ಲಿ ಈಗ ಪಟ್ಟಿ ಕೂತಿದೆ. ಆದ್ದರಿಂದ ಗ್ರಬ್‌ಗೆಂದೇ ಫಾರ್ಮ್ಯಾಟ್ ಮಾಡದ, ಫೈಲುಗಳಿಲ್ಲದ ಒಂದು ಜಾಗವನ್ನು ಹೆಸರಿಟ್ಟು ಕೊಡಬೇಕಾಗುತ್ತದೆ. ಈ ವಿಧಕ್ಕೆ ಕೊಟ್ಟಿರುವ 16 ಬೈಟ್‌ಗಳ ಗುರುತನ್ನು ಡಿಸ್ಕಿನಲ್ಲಿ ಅಕ್ಷರಗಳಾಗಿ ಓದಿದರೆ 'ಹಾ! ನನಗೆ ಇಎಫ್‌ಐ ಬೇಕಿಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯ ಮೂಡುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಿದ ಮೇಲೆ ಆ ಪಾರ್ಟಿಷನ್ನನ್ನು ಅವರು ಮರೆಯುವುದಿಲ್ಲ.

ಬಳಿಕ ಲೋಸೆಟಪ್ ಕಮಾಂಡನ್ನು ದೊಡ್ಡಕ್ಷರದ ಪಿ ಆಯ್ಕೆಯೊಂದಿಗೆ ಓಡಿಸಿದರೆ ಇಮೇಜ್ ಫೈಲ್ ಲೂಪ್0 ಎಂಬ ಡಿಸ್ಕಿನಂತೆ, ಅದರ ಪಾರ್ಟಿಷನ್‌ಗಳು ಲೂಪ್0ಪಿ1, ಪಿ2, ಪಿ3 ಎಂದು ಕಾಣಿಸುತ್ತವೆ. ಎರಡನೆಯದನ್ನು ಫ್ಯಾಟ್32 ಆಗಿ, ಮೂರನೆಯದನ್ನು ಎಕ್ಸ್ಟ್4 ಆಗಿ ಫಾರ್ಮ್ಯಾಟ್ ಮಾಡಿ, ಮೊದಲನೆಯದನ್ನು ಮುಟ್ಟಬೇಡಿ. ಎಕ್ಸ್ಟ್4 ಮಾಡುವ ಸಾಧನ ತೀರ ಹೊಸದಾಗಿದ್ದು ಇಮೇಜಿನೊಳಗಿನ ಗ್ರಬ್ ಹಳೆಯದಾಗಿದ್ದರೆ, ಫೈಲ್ ಸಿಸ್ಟಮ್‌ನ ಹೊಸ ಸೌಲಭ್ಯಗಳು ಅರ್ಥವಾಗದೆ ಗ್ರಬ್ ಅದನ್ನು ಅಪರಿಚಿತವೆಂದು ತಳ್ಳಿಹಾಕುವುದುಂಟು. ಎರಡೂ ಒಂದೇ ಡೆಬಿಯನ್ ಆವೃತ್ತಿಯವಾಗಿದ್ದರೆ ಈ ತೊಂದರೆ ಬರುವುದಿಲ್ಲ.

ಎರಡನೆಯ ಹಂತ: ವ್ಯವಸ್ಥೆಯನ್ನು ತುಂಬುವುದು

ಮೂರನೆಯ ಪಾರ್ಟಿಷನ್ನನ್ನು ಎಂಎನ್‌ಟಿ ಫೋಲ್ಡರಿನಲ್ಲಿ ಮೌಂಟ್ ಮಾಡಿ (ಅಂದರೆ ಅಲ್ಲಿಗೆ ಜೋಡಿಸಿ), ಅದರೊಳಗಿನ ಬೂಟ್ ಫೋಲ್ಡರಿನಲ್ಲಿ ಇಎಫ್‌ಐ ಎಂಬ ಫೋಲ್ಡರ್ ರಚಿಸಿ, ಎರಡನೆಯ ಪಾರ್ಟಿಷನ್ನನ್ನು ಅಲ್ಲಿ ಮೌಂಟ್ ಮಾಡಿ. ಡೆಬೂಟ್‌ಸ್ಟ್ರ್ಯಾಪ್ ಮೂಲಕ ಡೆಬಿಯನ್‌ನ ಮೂಲ ಭಾಗವನ್ನು ಇಳಿಸಿಕೊಂಡು, ಡೆವ್, ಪ್ರಾಕ್, ಸಿಸ್ ಫೋಲ್ಡರುಗಳನ್ನು ಬೈಂಡ್ ಮೌಂಟ್ ಮಾಡಿ (ಹೊರಗಿನವು ಒಳಗೂ ಕಾಣುವಂತೆ), ಆ ಫೋಲ್ಡರನ್ನೇ ಇಡೀ ವ್ಯವಸ್ಥೆಯಂತೆ ತೋರಿಸುವ ಸಿಎಚ್‌ರೂಟ್ ಮೂಲಕ ಒಳಗೆ ಹೋಗಬೇಕು. ಅಲ್ಲಿ ಲಿನಕ್ಸ್-ಇಮೇಜ್-ಎಎಂಡಿ64 ಎಂಬ ಕರ್ನಲ್, ನಿಮಗೆ ಬೇಕಾದ ಡೆಸ್ಕ್‌ಟಾಪ್, ಯಂತ್ರಾಂಶಗಳ ಫರ್ಮ್‌ವೇರ್ ಪ್ಯಾಕೇಜುಗಳನ್ನು ಹಾಕಿ. ನಮ್ಮಲ್ಲಿ ಗುಬ್ಬಿ ಮತ್ತು ನವಿಲು ಫಾಂಟ್‌ಗಳನ್ನೂ, ಕನ್ನಡದ ಜೊತೆಗೆ ಮರಾಠಿ ಕೀಲಿಮಣೆಯನ್ನೂ ಹಾಕುತ್ತೇವೆ. ಇಲ್ಲಿ ಅರ್ಜಿ ಬರೆಯಬೇಕಾದವನಿಗೆ ಎರಡೂ ಬೇಕು.

ಗ್ರಬ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಗ್ರಬ್-ಪಿಸಿ ಮತ್ತು ಗ್ರಬ್-ಇಎಫ್‌ಐ-ಎಎಂಡಿ64 ಎಂಬ ಎರಡು ಪ್ಯಾಕೇಜುಗಳು ಒಂದೆಡೆ ಇರಲು ಒಪ್ಪುವುದಿಲ್ಲ. ಒಂದನ್ನು ಹಾಕಿದರೆ ಇನ್ನೊಂದು ಹೋಗುತ್ತದೆ. ಆದರೆ ಅವುಗಳ ಹೆಸರಿನ ಕೊನೆಯಲ್ಲಿ ಬಿನ್ ಎಂದಿರುವ ಪ್ಯಾಕೇಜುಗಳು, ಅಂದರೆ ಗ್ರಬ್-ಪಿಸಿ-ಬಿನ್ ಮತ್ತು ಗ್ರಬ್-ಇಎಫ್‌ಐ-ಎಎಂಡಿ64-ಬಿನ್, ಒಟ್ಟಿಗೆ ಇರುತ್ತವೆ. ಗ್ರಬ್2-ಕಾಮನ್ ಜೊತೆಗೆ ಇವೆರಡನ್ನೂ ಹಾಕಿ.

ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂಬ ಡಿಸ್ಕಿನ ಹೆಸರುಗಳು ಎಲ್ಲಿಯೂ ಬರಕೂಡದು. ಒಂದು ಯಂತ್ರದಲ್ಲಿ ಎಸ್‌ಡಿಬಿ ಆದ ಪೆನ್‌ಡ್ರೈವ್ ಇನ್ನೊಂದರಲ್ಲಿ ಎಸ್‌ಡಿಎ ಆಗುತ್ತದೆ. ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಯುಯುಐಡಿ ಎಂಬ ಗುರುತುಸಂಖ್ಯೆಯನ್ನು ಪ್ರತಿ ಪಾರ್ಟಿಷನ್ನಿಗೂ ಬರೆಯಿರಿ. ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಕರ್ನಲಿಗೆ ಡ್ರೈವರುಗಳನ್ನು ಒದಗಿಸುವ ಪುಟ್ಟ ಕಟ್ಟು) ಸೆಟ್ಟಿಂಗ್‌ನಲ್ಲಿ ಮಾಡ್ಯೂಲ್ಸ್ ಎಂಬುದರ ಬೆಲೆ ಮೋಸ್ಟ್ ಎಂದೇ ಇರಲಿ. ಡೆಬಿಯನ್‌ನಲ್ಲಿ ಅದು ಹಾಗೆಯೇ ಬರುತ್ತದೆ. ಆದರೆ ಜಾಗ ಉಳಿಸಲೆಂದು ಯಾರಾದರೂ ಡೆಪ್ ಎಂದು ಬದಲಾಯಿಸಿದ್ದರೆ, ಇಮೇಜ್ ಕಟ್ಟಿದ ಯಂತ್ರದ ಡ್ರೈವರುಗಳು ಮಾತ್ರ ಒಳಗೆ ಬಂದು ಬೇರೆ ಯಂತ್ರಗಳಲ್ಲಿ ಡಿಸ್ಕೇ ಕಾಣದಂತಾಗುತ್ತದೆ.

ಮೂರನೆಯ ಹಂತ: ಎರಡು ಬಾಗಿಲುಗಳನ್ನು ಕೂಡಿಸುವುದು

ಈಗ ಗ್ರಬ್-ಇನ್‌ಸ್ಟಾಲ್ ಕಮಾಂಡನ್ನು ಎರಡು ಬಾರಿ ಓಡಿಸಬೇಕು. ಯಾವುದು ಮೊದಲು ಎಂಬುದು ಮುಖ್ಯವಲ್ಲ.

ಬಯೋಸ್‌ಗಾಗಿ ಓಡಿಸುವಾಗ ಟಾರ್ಗೆಟ್ ಆಯ್ಕೆಯಲ್ಲಿ ಐ386-ಪಿಸಿ ಎಂದು ಕೊಟ್ಟು, ಕೊನೆಯಲ್ಲಿ ಡಿಸ್ಕಿನ ಹೆಸರಾಗಿ ಲೂಪ್0 ಎಂದು ಬರೆಯಿರಿ. ಪಾರ್ಟಿಷನ್‌ನ ಸಂಖ್ಯೆ ಸೇರಿಸಬಾರದು. ಇದು ಇಡೀ ಡಿಸ್ಕಿನ ಮೊದಲ ಸೆಕ್ಟರಿಗೆ ಹೋಗಬೇಕಾದದ್ದು. ಯಂತ್ರ 64 ಬಿಟ್ ಆಗಿದ್ದರೂ ಟಾರ್ಗೆಟ್‌ನ ಹೆಸರು ಐ386 ಎಂದೇ ಇರುತ್ತದೆ, ಏಕೆಂದರೆ ಬಯೋಸ್ ಯಂತ್ರವನ್ನು ಒಪ್ಪಿಸುವುದು ಹಳೆಯ 16 ಬಿಟ್ ಸ್ಥಿತಿಯಲ್ಲಿ. ಅಲ್ಲಿಂದ ಗ್ರಬ್ ತಾನು 32 ಬಿಟ್‌ಗೆ ಏರಿ, 64 ಬಿಟ್ ಕರ್ನಲಿಗೆ ಮುಂದಿನ ಕೆಲಸ ಬಿಡುತ್ತದೆ.

ಯುಇಎಫ್‌ಐಗಾಗಿ ಓಡಿಸುವಾಗ ಟಾರ್ಗೆಟ್ ಎಕ್ಸ್86_64-ಇಎಫ್‌ಐ, ಇಎಫ್‌ಐ ಡೈರೆಕ್ಟರಿ ಎಂಬ ಆಯ್ಕೆಯಲ್ಲಿ ಬೂಟ್‌ನೊಳಗಿನ ಇಎಫ್‌ಐ ಫೋಲ್ಡರ್. ಇವುಗಳ ಜೊತೆಗೆ ರಿಮೂವಬಲ್ ಮತ್ತು ನೋ-ಎನ್‌ವಿರ್ಯಾಮ್ ಎಂಬ ಎರಡು ಆಯ್ಕೆಗಳನ್ನು ತಪ್ಪದೆ ಕೊಡಿ. ಮೊದಲನೆಯದರಿಂದ ಫೈಲ್ ಬೂಟ್‌ಎಕ್ಸ್64.ಇಎಫ್‌ಐ ಎಂಬ ನಿಶ್ಚಿತ ಹೆಸರಿನಲ್ಲಿ ಕೂರುತ್ತದೆ. ಎರಡನೆಯದರಿಂದ ಇಮೇಜ್ ಕಟ್ಟುತ್ತಿರುವ ನಿಮ್ಮ ಯಂತ್ರದ ಎನ್‌ವಿರ್ಯಾಮ್ ಸುರಕ್ಷಿತವಾಗಿ ಉಳಿಯುತ್ತದೆ. ಸಿಎಚ್‌ರೂಟ್ ಒಳಗಿದ್ದೇವೆ, ಹೊರಗಿನ ಯಂತ್ರಕ್ಕೆ ಏನೂ ಆಗದು ಎಂದು ತಿಳಿಯಬೇಡಿ. ಸಿಸ್ ಫೋಲ್ಡರನ್ನು ಬೈಂಡ್ ಮಾಡಿರುವುದರಿಂದ ಒಳಗಿನ ಕಮಾಂಡ್ ಹೊರಗಿನ ಫರ್ಮ್‌ವೇರನ್ನು ಮುಟ್ಟಬಲ್ಲದು. ನನ್ನ ಲ್ಯಾಪ್‌ಟಾಪಿಗೆ ಅಂದು ಆದದ್ದು ಅದೇ.

ಬೂಟ್‌ನೊಳಗಿನ ಗ್ರಬ್ ಫೋಲ್ಡರಿನಲ್ಲಿ ಈಗ ಎರಡು ಉಪಫೋಲ್ಡರುಗಳು ಕಾಣುತ್ತವೆ, ಟಾರ್ಗೆಟ್‌ಗೊಂದರಂತೆ. ಮೆನುವಿನ ಫೈಲ್ ಆದ ಗ್ರಬ್.ಸಿಎಫ್‌ಜಿ ಮಾತ್ರ ಒಂದೇ. ಅದನ್ನು ರಚಿಸುವ ಮೊದಲು ಗ್ರಬ್‌ನ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಓಎಸ್-ಪ್ರೋಬರ್ ಅನ್ನು ನಿಲ್ಲಿಸಿ. ನಿಲ್ಲಿಸದಿದ್ದರೆ ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್ ಹೆಸರು ವಿದ್ಯಾರ್ಥಿಯ ಪೆನ್‌ಡ್ರೈವ್ ಮೆನುವಿನಲ್ಲಿ ಬಂದು ಕೂರಬಹುದು. ಬಳಿಕ ಅಪ್‌ಡೇಟ್-ಗ್ರಬ್ ಓಡಿಸಿ, ಮೂಡಿದ ಫೈಲನ್ನು ಕಣ್ಣಾರೆ ಓದಿ: ಲಿನಕ್ಸ್ ಎಂದು ಆರಂಭವಾಗುವ ಸಾಲಿನಲ್ಲಿ ರೂಟ್ ಎಂಬುದರ ಮುಂದೆ ಯುಯುಐಡಿ ಇರಬೇಕು. ಅಲ್ಲಿ ಲೂಪ್0ಪಿ3 ಎಂದು ಕಂಡರೆ ಡೆವ್ ಫೋಲ್ಡರ್ ಸರಿಯಾಗಿ ಬೈಂಡ್ ಆಗಿಲ್ಲ. ಜಗತ್ತಿನ ಯಾವ ಯಂತ್ರದಲ್ಲೂ ಬೂಟ್ ಹೊತ್ತಿನಲ್ಲಿ ಲೂಪ್0ಪಿ3 ಇರುವುದಿಲ್ಲ.

ಈ ಹಂತದಲ್ಲಿ ಮೊದಲ ಸೆಕ್ಟರನ್ನು ಎಕ್ಸ್‌ಎಕ್ಸ್‌ಡಿ ಕಮಾಂಡ್‌ನಿಂದ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಗ್ರಬ್ ಹಾಕುವ ಮೊದಲು ಆರಂಭದ ಸಾಲುಗಳೆಲ್ಲ ಸೊನ್ನೆಯಾಗಿರುತ್ತವೆ; ಹಾಕಿದ ಮೇಲೆ ಮೊದಲ ಮೂರು ಬೈಟ್‌ಗಳು ಇಬಿ, 63, 90 ಎಂದು ಕಾಣುತ್ತವೆ. ಸೊನ್ನೆಯಿಂದ ಎಣಿಸಿದರೆ 446ನೇ ಬೈಟ್‌ನಿಂದ ಪಾರ್ಟಿಷನ್ ಪಟ್ಟಿ ಆರಂಭ. ಅದರಲ್ಲಿ ಒಂದೇ ನಮೂದಿದ್ದು, 450ನೇ ಬೈಟ್ ಇಇ ಆಗಿರುತ್ತದೆ. 'ಇದು ಜಿಪಿಟಿ ಡಿಸ್ಕ್, ಖಾಲಿಯೆಂದು ತಿಳಿಯಬೇಡ' ಎಂದು ಹಳೆಯ ಸಾಧನಗಳಿಗೆ ಕೊಡುವ ಎಚ್ಚರಿಕೆ ಅದು. ಕೊನೆಯಲ್ಲಿ 55, ಎಎ.

ಆ 446ನೇ ಬೈಟ್‌ನಲ್ಲಿಯೇ ಹಳೆಯ ಯಂತ್ರಗಳ ಒಂದು ಹಟ ಅಡಗಿದೆ. ನಿಯಮದ ಪ್ರಕಾರ ಅಲ್ಲಿ 00 ಇರಬೇಕು. ಕೆಲವು ಹಳೆಯ ಬಯೋಸ್‌ಗಳು ಅಲ್ಲಿ 80, ಅಂದರೆ 'ಸಕ್ರಿಯ' ಎಂಬ ಗುರುತು ಇಲ್ಲದಿದ್ದರೆ ಡಿಸ್ಕಿನಿಂದ ಬೂಟ್ ಆಗಲು ಸಾಧ್ಯವೇ ಇಲ್ಲವೆಂದು ತೀರ್ಮಾನಿಸಿ ಮುಂದೆ ಹೋಗುತ್ತವೆ. ಪಾರ್ಟೆಡ್‌ನಲ್ಲಿ ಡಿಸ್ಕ್_ಸೆಟ್ ಎಂಬ ಕಮಾಂಡ್‌ಗೆ ಪಿಎಂಬಿಆರ್_ಬೂಟ್ ಆನ್ ಎಂದು ಕೊಟ್ಟರೆ ಆ ಬೈಟ್ 80 ಆಗುತ್ತದೆ. ಆದರೆ ನಿಯಮವನ್ನು ಅಕ್ಷರಶಃ ಪಾಲಿಸುವ ಕೆಲವು ಯುಇಎಫ್‌ಐಗಳು 80 ಕಂಡರೆ ಅದನ್ನು ಜಿಪಿಟಿ ಡಿಸ್ಕ್ ಎಂದು ಒಪ್ಪುವುದಿಲ್ಲ. ಆದ್ದರಿಂದ ಮೊದಲು 00 ಇಟ್ಟು ಎಲ್ಲ ಯಂತ್ರಗಳಲ್ಲೂ ನೋಡಿ, ಹಟ ಹಿಡಿದ ಯಂತ್ರ ಸಿಕ್ಕರೆ ಮಾತ್ರ 80 ಮಾಡಿ, ಹೊಸ ಯಂತ್ರಗಳಲ್ಲಿ ಮತ್ತೆ ಪರೀಕ್ಷಿಸಿ. ಎರಡೂ ಕಡೆ ರಾಜಿಯಾಗದಿದ್ದರೆ ಜಿಪಿಟಿ ಬಿಟ್ಟು ಎಂಬಿಆರ್ ಪಟ್ಟಿಯನ್ನೇ ಬಳಸಬಹುದು. ಅದರಲ್ಲಿ ಇಎಫ್ ಎಂಬ ವಿಧದ ಪಾರ್ಟಿಷನ್ನನ್ನು ಯುಇಎಫ್‌ಐ ನಿಯಮಾವಳಿ ಮಾನ್ಯ ಮಾಡುತ್ತದೆ.

ಸೆಕ್ಯೂರ್ ಬೂಟ್ ಇರುವ ಯಂತ್ರಗಳು

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇದ್ದರೆ ಡಿಜಿಟಲ್ ಸಹಿ ಇಲ್ಲದ ಬೂಟ್ ಫೈಲ್ ನಡೆಯುವುದಿಲ್ಲ. ಸೆಕ್ಯೂರ್ ಬೂಟ್ ಅನ್ನು ನಿಲ್ಲಿಸುವುದು ಸುಲಭದ ದಾರಿಯಾದರೂ, ಯಾರದ್ದೋ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹಾಗೆ ಮಾಡಬೇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ಸೌಲಭ್ಯ) ಇದ್ದರೆ ಮುಂದಿನ ಬಾರಿ ಅದು ರಿಕವರಿ ಕೀ ಕೇಳಬಹುದು, ಆ ಕೀ ಅವರ ಬಳಿ ಇಲ್ಲದಿರಬಹುದು.

ಸರಿಯಾದ ದಾರಿಯೆಂದರೆ ಮೈಕ್ರೋಸಾಫ್ಟ್‌ನ ಸಹಿ ಇರುವ ಶಿಮ್ ಎಂಬ ಪುಟ್ಟ ಪ್ರೋಗ್ರಾಮನ್ನು ಬಳಸುವುದು. ಶಿಮ್-ಸೈನ್ಡ್ ಮತ್ತು ಗ್ರಬ್-ಇಎಫ್‌ಐ-ಎಎಂಡಿ64-ಸೈನ್ಡ್ ಪ್ಯಾಕೇಜುಗಳನ್ನು ಹಾಕಿ, ಶಿಮ್‌ನ ಸಹಿ ಇರುವ ಫೈಲನ್ನು ಬೂಟ್‌ಎಕ್ಸ್64.ಇಎಫ್‌ಐ ಎಂಬ ಹೆಸರಿನಲ್ಲಿ, ಗ್ರಬ್‌ನ ಸಹಿ ಇರುವ ಫೈಲನ್ನು ಅದರ ಪಕ್ಕದಲ್ಲೇ ಗ್ರಬ್‌ಎಕ್ಸ್64.ಇಎಫ್‌ಐ ಎಂಬ ಹೆಸರಿನಲ್ಲಿ ಪ್ರತಿ ಮಾಡಿ. ಸಹಿ ಇರುವ ಗ್ರಬ್ ತನ್ನ ಮೆನುವನ್ನು ಇಎಫ್‌ಐ ಫೋಲ್ಡರಿನೊಳಗಿನ ಡೆಬಿಯನ್ ಎಂಬ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲಿ ಮೂರು ಸಾಲಿನ ಒಂದು ಗ್ರಬ್.ಸಿಎಫ್‌ಜಿ ಇಡಿ: ಮೊದಲ ಸಾಲು ಯುಯುಐಡಿಯಿಂದ ಮೂರನೆಯ ಪಾರ್ಟಿಷನ್ನನ್ನು ಹುಡುಕುವುದಕ್ಕೆ, ಎರಡನೆಯದು ಪ್ರಿಫಿಕ್ಸ್ ಅನ್ನು ಅಲ್ಲಿನ ಬೂಟ್‌ನೊಳಗಿನ ಗ್ರಬ್ ಫೋಲ್ಡರಿಗೆ ಹೊಂದಿಸುವುದಕ್ಕೆ, ಮೂರನೆಯದು ಅಲ್ಲಿರುವ ನಿಜವಾದ ಮೆನುವನ್ನು ಕರೆಯುವುದಕ್ಕೆ. ಶಿಮ್ ಪ್ಯಾಕೇಜಿನಲ್ಲಿ ಎಫ್‌ಬಿಎಕ್ಸ್64.ಇಎಫ್‌ಐ ಎಂಬ ಇನ್ನೊಂದು ಫೈಲ್ ಬರುತ್ತದೆ. ಅದನ್ನು ಬೂಟ್ ಫೋಲ್ಡರಿಗೆ ಹಾಕಬೇಡಿ. ಅದರ ಕೆಲಸವೇ ಯಂತ್ರದ ಎನ್‌ವಿರ್ಯಾಮ್‌ನಲ್ಲಿ ಹೊಸ ದಾಖಲೆ ಬರೆಯುವುದು.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಶಿಮ್‌ಗೂ ಬಾಗಿಲು ಮುಚ್ಚಿರುತ್ತದೆ. ಅಂಥಲ್ಲಿ ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಮೈಕ್ರೋಸಾಫ್ಟ್‌ನ ಥರ್ಡ್ ಪಾರ್ಟಿ ಪ್ರಮಾಣಪತ್ರವನ್ನು ಅನುಮತಿಸುವ ಆಯ್ಕೆಯನ್ನು ಆನ್ ಮಾಡಬೇಕು.

ನಾಲ್ಕನೆಯ ಹಂತ: ಮೊದಲು ಕ್ಯೂಎಮುವಿನಲ್ಲಿ, ಆಮೇಲೆ ನಿಜವಾದ ಯಂತ್ರದಲ್ಲಿ

ಸಿಎಚ್‌ರೂಟ್‌ನಿಂದ ಹೊರಬಂದು, ಎಲ್ಲವನ್ನೂ ಅನ್‌ಮೌಂಟ್ ಮಾಡಿ, ಲೂಪ್ ಬಿಡಿಸಿ. ಕ್ಯೂಎಮುವಿಗೆ ಇಮೇಜನ್ನು ರಾ ಡ್ರೈವ್ ಆಗಿ ಕೊಟ್ಟು ಹಾಗೆಯೇ ಓಡಿಸಿದರೆ ಅದು ಸೀಬಯೋಸ್ ಬಳಸುತ್ತದೆ, ಅಂದರೆ ಹಳೆಯ ಯಂತ್ರದ ಪರೀಕ್ಷೆ. ಬಯೋಸ್ ಆಯ್ಕೆಯಲ್ಲಿ ಓವಿಎಂಎಫ್ ಫೈಲನ್ನು ಕೊಟ್ಟು ಮತ್ತೊಮ್ಮೆ ಓಡಿಸಿದರೆ ಯುಇಎಫ್‌ಐ ಪರೀಕ್ಷೆ. ಒಳಗೆ ಲಾಗಿನ್ ಆದ ಮೇಲೆ ಸಿಸ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐಯಿಂದ ಎದ್ದಿದೆ, ಇಲ್ಲದಿದ್ದರೆ ಬಯೋಸ್‌ನಿಂದ. ಮೆನು ಎರಡರಲ್ಲೂ ಒಂದೇ ರೀತಿ ಕಾಣುವುದರಿಂದ ಇದನ್ನು ನೋಡದೆ ನಂಬಬೇಡಿ.

ಪೆನ್‌ಡ್ರೈವ್‌ಗೆ ಬರೆಯುವ ಮೊದಲು ಎಲ್‌ಎಸ್‌ಬಿಎಲ್‌ಕೆ ಓಡಿಸಿ, ಗಾತ್ರವನ್ನು ನೋಡಿ, ಪೆನ್‌ಡ್ರೈವ್ ಯಾವುದೆಂದು ಎರಡು ಬಾರಿ ಖಚಿತಪಡಿಸಿಕೊಳ್ಳಿ. ಡಿಡಿ ಕಮಾಂಡ್ ಕೇಳದೆಯೇ ಅಳಿಸುತ್ತದೆ. ಬ್ಲಾಕ್ ಗಾತ್ರ 4 ಎಂ, ಕಾನ್ವ್ ಆಯ್ಕೆಯಲ್ಲಿ ಎಫ್‌ಸಿಂಕ್ ಕೊಟ್ಟರೆ ಬರವಣಿಗೆ ನಿಜವಾಗಿ ಮುಗಿದ ಮೇಲೆಯೇ ಪ್ರಾಂಪ್ಟ್ ಮರಳುತ್ತದೆ.

ನಡುಗಾಲದ ಯಂತ್ರಗಳ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಬಾರಿ ಕಾಣುತ್ತದೆ, ಒಂದರ ಹಿಂದೆ ಯುಇಎಫ್‌ಐ ಎಂದು ಬರೆದಿರುತ್ತದೆ. ಎರಡನ್ನೂ ಆರಿಸಿ ನೋಡಿ. ಒಂದೇ ಯಂತ್ರದಲ್ಲಿ ಎರಡು ಬಾಗಿಲನ್ನೂ ಪರೀಕ್ಷಿಸುವ ಅವಕಾಶ ಅದು.

ಎಲ್ಲಿ ನಿಂತಿತು ಎಂಬುದರಿಂದ ತಪ್ಪನ್ನು ಗುರುತಿಸುವುದು

ಒಂದು ಭಾನುವಾರ ಹುಡುಗನೊಬ್ಬ ತಾನು ಕೆಲಸ ಮಾಡುವ ಹೋಟೆಲಿನ ಹಳೆಯ ಬಿಲ್ಲಿಂಗ್ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿ ನನಗೆ ಫೋನ್ ಮಾಡಿದ. "ಸರ್, ಕಪ್ಪು ಸ್ಕ್ರೀನ್. ಎಡಗಡೆ ಮೇಲೆ ಒಂದು ಗೆರೆ ಮಿಣುಕ್ತಾ ಉಂಟು, ಅಷ್ಟೇ."

"ಗ್ರಬ್ ಅಂತ ನಾಲ್ಕು ಅಕ್ಷರ ಏನಾದರೂ ಬಂತೇನಪ್ಪಾ?"

"ಇಲ್ಲ ಸರ್, ಏನೂ ಬರ್ಲಿಲ್ಲ."

ಆ ಒಂದು ಉತ್ತರದಿಂದಲೇ ಅರ್ಧ ಕೆಲಸ ಮುಗಿಯಿತು. ಮೊದಲ ಸೆಕ್ಟರಿನ ಕೋಡ್ ಓಡಿದ್ದರೆ ಅದು ಮೊದಲು ಮಾಡುವ ಕೆಲಸವೇ ಪರದೆಯ ಮೇಲೆ ಗ್ರಬ್ ಎಂದು ಬರೆಯುವುದು. ಅದೇ ಬಾರದಿದ್ದರೆ ಬಯೋಸ್ ನಮ್ಮ ಕೋಡನ್ನು ಓಡಿಸಿಯೇ ಇಲ್ಲ. ಬೂಟ್ ಕ್ರಮವನ್ನೂ, ಯುಎಸ್‌ಬಿಯನ್ನು ಹಾರ್ಡ್ ಡಿಸ್ಕಿನಂತೆ ಕಾಣುವ ಸೆಟ್ಟಿಂಗನ್ನೂ, 446ನೇ ಬೈಟನ್ನೂ ನೋಡಬೇಕು. ಅಲ್ಲಿ ಇದ್ದ ತೊಂದರೆ ಆ ಬೈಟ್‌ನದೇ.

ಗ್ರಬ್ ಎಂದು ಬರೆದು, ರೀಡ್ ಎರರ್ ಅಥವಾ ಹಾರ್ಡ್ ಡಿಸ್ಕ್ ಎರರ್ ಎಂದು ನಿಂತರೆ ಎರಡನೆಯ ತುಂಡನ್ನು ಓದಲಾಗಿಲ್ಲ. ಪೆನ್‌ಡ್ರೈವ್ ಹಾಳಾಗಿರಬಹುದು, ಬೇರೆ ಪೋರ್ಟ್‌ನಲ್ಲಿ ಹಾಕಿ ನೋಡಿ. ಗ್ರಬ್ ರೆಸ್ಕ್ಯೂ ಎಂಬ ಪ್ರಾಂಪ್ಟ್ ಬಂದರೆ ಎರಡನೆಯ ತುಂಡು ಬಂದಿದೆ, ಆದರೆ ಮೂರನೆಯ ಪಾರ್ಟಿಷನ್ ಸಿಕ್ಕಿಲ್ಲ ಅಥವಾ ಅರ್ಥವಾಗಿಲ್ಲ. ರೆಸ್ಕ್ಯೂ ಇಲ್ಲದೆ ಬರೀ ಗ್ರಬ್ ಪ್ರಾಂಪ್ಟ್ ಬಂದು ಮೆನು ಬಾರದಿದ್ದರೆ ಗ್ರಬ್.ಸಿಎಫ್‌ಜಿ ಸಿಕ್ಕಿಲ್ಲ, ಸೆಕ್ಯೂರ್ ಬೂಟ್ ಯಂತ್ರಗಳಲ್ಲಿ ಡೆಬಿಯನ್ ಫೋಲ್ಡರಿನ ಮೂರು ಸಾಲು ಮರೆತಾಗ ಆಗುವುದು ಇದೇ. ಮೆನು ಬಂದು, ಕರ್ನಲ್ ಎದ್ದು, ಯುಯುಐಡಿ ಸಿಗುತ್ತಿಲ್ಲ ಎಂದು ಇನಿಟ್‌ರ್ಯಾಮ್‌ಎಫ್‌ಎಸ್ ಪ್ರಾಂಪ್ಟ್‌ಗೆ ಇಳಿದರೆ ಗ್ರಬ್‌ನ ತಪ್ಪು ಏನೂ ಇಲ್ಲ. ಡ್ರೈವರ್ ಇಲ್ಲ ಅಥವಾ ಪೆನ್‌ಡ್ರೈವ್ ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. ಕರ್ನಲ್ ಸಾಲಿನ ಕೊನೆಯಲ್ಲಿ ರೂಟ್‌ಡಿಲೇ=10 ಎಂದು ಸೇರಿಸಿ ನೋಡಬಹುದು.

ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿರುವುದು ಸಾಮಾನ್ಯ. ಆಗ ಪ್ರತಿ ಬಾರಿ ಬೂಟ್ ಕ್ರಮ ಮರೆತುಹೋಗುತ್ತದೆ, ಗಡಿಯಾರ ಹಲವು ವರ್ಷ ಹಿಂದಕ್ಕೆ ಓಡುತ್ತದೆ, ಡಿಸ್ಕಿನ ತಪಾಸಣೆ ಮಾಡುವ ಎಫ್‌ಎಸ್‌ಸಿಕೆ 'ಕೊನೆಯ ಮೌಂಟ್ ಭವಿಷ್ಯದಲ್ಲಿದೆ' ಎಂದು ದೂರುತ್ತದೆ, ಜಾಲತಾಣಗಳ ಪ್ರಮಾಣಪತ್ರಗಳು ಅಮಾನ್ಯವಾಗುತ್ತವೆ. ಇಮೇಜನ್ನು ಶಂಕಿಸುವ ಮೊದಲು ಬ್ಯಾಟರಿ ಬದಲಾಯಿಸಿ.

ಪ್ರತಿಗಳನ್ನು ಹಂಚುವ ಮುನ್ನ

ಮೂಲ ಇಮೇಜಿನಲ್ಲಿ ಇಟಿಸಿ ಫೋಲ್ಡರಿನ ಮೆಷಿನ್-ಐಡಿ ಫೈಲನ್ನು ಅಳಿಸದೆ ಖಾಲಿ ಮಾಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳಿದ್ದರೆ ತೆಗೆದುಹಾಕಿ. ಇಲ್ಲದಿದ್ದರೆ ಇಪ್ಪತ್ತು ಪೆನ್‌ಡ್ರೈವ್‌ಗಳಿಗೂ ಒಂದೇ ಗುರುತಾಗಿ ನೆಟ್‌ವರ್ಕ್‌ನಲ್ಲಿ ಒಬ್ಬರ ವಿಳಾಸ ಇನ್ನೊಬ್ಬರಿಗೆ ಹೋಗಬಹುದು. ಪ್ರತಿಗಳ ಯುಯುಐಡಿಯೂ ಒಂದೇ ಆಗಿರುವುದರಿಂದ ಎರಡು ಪೆನ್‌ಡ್ರೈವ್‌ಗಳನ್ನು ಒಂದೇ ಯಂತ್ರಕ್ಕೆ ಒಟ್ಟಿಗೆ ಹಾಕಿ ಬೂಟ್ ಮಾಡಬಾರದು. ಒಂದರ ಕರ್ನಲ್ ಎದ್ದು ಇನ್ನೊಂದರ ಫೈಲುಗಳ ಮೇಲೆ ಬರೆಯಬಹುದು.

16 ಅಥವಾ 32 ಜಿಬಿಯ ಪೆನ್‌ಡ್ರೈವ್‌ಗೆ ಬರೆದಾಗ, ಡಿಸ್ಕಿನ ಕೊನೆಯಲ್ಲಿರಬೇಕಾದ ಜಿಪಿಟಿಯ ಎರಡನೆಯ ಪ್ರತಿ ನಡುವೆಯೇ ಉಳಿದಿರುತ್ತದೆ. ಎಸ್‌ಜಿಡಿಸ್ಕ್‌ಗೆ ಸಣ್ಣಕ್ಷರದ ಇ ಆಯ್ಕೆ ಕೊಟ್ಟರೆ ಅದು ಕೊನೆಗೆ ಹೋಗುತ್ತದೆ. ಆಮೇಲೆ ಪಾರ್ಟೆಡ್‌ನಿಂದ ಮೂರನೆಯ ಪಾರ್ಟಿಷನ್ನನ್ನು ಹಿಗ್ಗಿಸಿ, ರೀಸೈಜ್2ಎಫ್‌ಎಸ್ ಓಡಿಸಿ. ಅದು ಕೊನೆಯ ಪಾರ್ಟಿಷನ್ ಆಗಿರಲೆಂದು ಆರಂಭದಲ್ಲಿ ಹಾಗೆ ಜೋಡಿಸಿದ್ದು ಈ ಅನುಕೂಲಕ್ಕಾಗಿಯೇ.

ಮುಂದೆ ಗ್ರಬ್ ಪ್ಯಾಕೇಜುಗಳು ಅಪ್‌ಡೇಟ್ ಆದಾಗ ಬೂಟ್ ಕೋಡ್ ತಾನಾಗಿ ಬದಲಾಗುವುದಿಲ್ಲ, ಏಕೆಂದರೆ ನಾವು ಹಾಕಿರುವುದು ಬಿನ್ ಪ್ಯಾಕೇಜುಗಳನ್ನು ಮಾತ್ರ. ಮೂಲ ಇಮೇಜಿನೊಳಗೆ ಹೋಗಿ ಎರಡು ಗ್ರಬ್-ಇನ್‌ಸ್ಟಾಲ್‌ಗಳನ್ನೂ ಅದೇ ಆಯ್ಕೆಗಳೊಂದಿಗೆ ಮತ್ತೆ ಓಡಿಸಬೇಕು. ಶಿಮ್ ಬಳಸಿದ್ದರೆ ಸಹಿ ಇರುವ ಎರಡು ಫೈಲುಗಳನ್ನೂ ಅದಾದ ಮೇಲೆ ಮತ್ತೆ ಪ್ರತಿ ಮಾಡಬೇಕು, ಏಕೆಂದರೆ ರಿಮೂವಬಲ್ ಆಯ್ಕೆಯ ಇನ್‌ಸ್ಟಾಲ್ ಬೂಟ್‌ಎಕ್ಸ್64.ಇಎಫ್‌ಐ ಫೈಲನ್ನು ಹೊಸದಾಗಿ ಬರೆದುಬಿಡಬಹುದು. ನಮ್ಮ ಕೋಣೆಯ ಬೀರುವಿನೊಳಗೆ ಈ ಕಮಾಂಡ್‌ಗಳನ್ನು ಕ್ರಮವಾಗಿ ಬರೆದ ಒಂದು ಕಾಗದವನ್ನು ಅಂಟಿಸಿದ್ದೇವೆ. ಪ್ರತಿ ಬಾರಿ ಅಪ್‌ಡೇಟ್ ಮಾಡಿದವರು ಅದರ ಕೆಳಗೆ ದಿನಾಂಕ ಬರೆದು, ಯಾವ ಯಾವ ಯಂತ್ರದಲ್ಲಿ ಎರಡೂ ರೀತಿ ಬೂಟ್ ಮಾಡಿ ನೋಡಿದೆವು ಎಂಬುದನ್ನೂ ನಮೂದಿಸುತ್ತಾರೆ.